ವಯಸ್ಸಾದೋರಿಗೆ ಮನ್ಯಾಗ ಮಾಡೋ ಕಸರತ್ತು: ವಾಕಿಂಗಾ, ಖುರ್ಚಿನಾ, ಯೋಗಾನಾ, ತೂಕನಾ, ಯಾವ್ದು ಯಾರಿಗೆ?

ಹೋದ ವರ್ಷ ಶ್ರಾವಣದಾಗ ನಮ್ಮವ್ವ ಬಚ್ಚಲ ಬಾಗಲದಾಗ ಜಾರಿ ಬಿದ್ಲು. ನಮ್ಮದು ಕಲಬುರಗಿದಾಗ ಹಳೀ ಮನಿ, ಕೆಳಗ ಎಲ್ಲಾ ಶಹಾಬಾದ್ ಫರಸಿ, ಒಣಗಿದ್ದಾಗ ತಂಪಗ ಚಂದ ಇರ್ತದ ಆದ್ರ ಒಂದು ತಂಬಿಗಿ ನೀರು ಚೆಲ್ಲಿದ್ರ ಎಣ್ಣಿ ಸುರುವಿದಂಗ ಆಗಿಬಿಡ್ತದ. ದೇವರ ದಯಾ, ಎಲುಬು ಮುರೀಲಿಲ್ಲ, ಮುಂಗೈ ಬಾತು 15 ದಿನ ಪಟ್ಟಿ ಕಟ್ಟಿದ್ರು ಅಷ್ಟೇ. ಆದ್ರ ಬಿದ್ದದ್ದಕ್ಕಿಂತ ಆಮ್ಯಾಲ ಆಗಿದ್ದು ಭಾಳ ಕಷ್ಟ ಕೊಟ್ಟಿತು. ಅಂಜಿಕಿ ಹೊಕ್ಕಿತು ನೋಡ್ರಿ. ಗುಡಿಗಿ ಹೋಗೋದು ಬಿಟ್ಲು, ಮಾಳಗಿ ಹತ್ತೋದು ಬಿಟ್ಲು, ಪಡಸಾಲ್ಯಾಗ ನಡಿಯೋವಾಗೂ ಒಂದು ಕೈ ಗ್ವಾಡಿ ಮ್ಯಾಲೇ ಇರ್ತಿತ್ತು, ಎರಡು ತಿಂಗಳದಾಗ ಮೀನಖಂಡ ಸೊರಗಿ ಕಾಲು ಕಡ್ಡಿ ಆದ್ವು. ಅಂಜಿ ಕುಂತ್ರ ಕಾಲಿನ ಕಸುವು ಹೋಗ್ತದ, ಕಸುವು ಹೋದ್ರ ಮತ್ತ ಬೀಳ್ತಾರ, ಬಿದ್ರ ಇನ್ನಷ್ಟು ಅಂಜ್ತಾರ. ಈ ಸುತ್ತಿನಾಗ ಸಿಕ್ಕೊಂಡ ಹಿರೇರು ಎಲ್ಲರ ಮನ್ಯಾಗೂ ಇದ್ದಾರ.

ಆವಾಗ ಮನಿಗಿ ಬಂದೋರೆಲ್ಲ ಒಂದೊಂದು ಹೇಳಿದ್ರು. ತಮ್ಮ ವಾಕಿಂಗ್ ಮಾಡಿಸು ಅಂದ, ಬೀದರದ ಕಾಕಾ ಯೋಗಾ ಅಂದ್ರು, ಮೆಡಿಕಲ್ ಅಂಗಡ್ಯಾಗ ರಬ್ಬರ್ ಬ್ಯಾಂಡ್ ತೋರಿಸಿದ್ರು, ದವಾಖಾನ್ಯಾಗ ಫಿಜಿಯೋಥೆರಪಿ ಬರೆದು ಕೊಟ್ರು. ಒಂದು ವರ್ಷದಾಗ ನಾವು ಸುಮಾರು ಎಲ್ಲಾನೂ ಮಾಡಿ ನೋಡೀವಿ, ಓದೋದೂ ಭಾಳ ಓದೀನಿ, ಫಿಜಿಯೋದವರನ್ನ ಕೇಳಿ ಕೇಳಿ ತಲಿ ತಿಂದೀನಿ. ನಿಮ್ಮ ಮನ್ಯಾಗ 65 ದಾಟಿದೋರು ಇದ್ರ, ಅವರು ಇನ್ನೂ ಬಿದ್ದಿರಲಿಲ್ಲಾಂದ್ರೂ, ಯಾವುದು ಆರಿಸಬೇಕು ಅಂತ ಇದು ಉಪಯೋಗ ಆಗ್ಲಿ ಅಂತ ಬರೀಲಾಕತ್ತೀನಿ.

ಮೊದಲ ಮಾತು, ಕಸುವು ಬ್ಯಾರೆ ಬ್ಯಾಲೆನ್ಸ್ ಬ್ಯಾರೆ. ಖುರ್ಚಿಯಿಂದ ಏಳ್ಲಾಕ, ಮೆಟ್ಟಲ ಹತ್ಲಾಕ ಬೇಕಾಗೋದು ತೊಡಿ ಮತ್ತ ಕುಂಡಿ ಸ್ನಾಯುವಿನ ಕಸುವು. ಹೊಸ್ತಿಲಿಗಿ ಎಡವಿದಾಗ, ಯಾರೋ ಹಿಂದಿಂದ ಕರೆದ್ರ ಹೊಳ್ಳಿ ನೋಡುವಾಗ ಜೋಲಿ ಹೋಗದಂಗ ಕಾಲು ತಟ್ಟನೆ ಮುಂದ ಇಡೋದು ಬ್ಯಾಲೆನ್ಸ್. ಕೆಲವರಿಗೆ ಕಾಲು ಗಟ್ಟಿ ಇರ್ತಾವ ಆದ್ರ ಕಣ್ಣು ಮುಚ್ಚಿ ಮುಖ ತೊಳಿಯುವಾಗ ವಾಲ್ತಾರ. ಕೆಲವರು ನಡಿಯೋದು ಸರಿ ನಡೀತಾರ ಆದ್ರ ಪಲಂಗದಿಂದ ಏಳ್ಬೇಕಂದ್ರ ಎರಡೂ ಕೈ ಊರ್ಬೇಕು. ಅದಕ್ಕ ಮೊದಲು ನಿಮ್ಮವರಿಗೆ ಯಾವುದು ಕಮ್ಮಿ ಅದ ಅಂತ ನೋಡ್ಕೊಳ್ರಿ, ಆಮ್ಯಾಲ ಆರಿಸ್ರಿ.

ನೋಡೋದು ಹ್ಯಾಂಗ ಅಂದ್ರ ಎರಡು ಪರೀಕ್ಷಾ ಅದಾವ, ಎರಡೂ ಮನ್ಯಾಗೇ ಆಗ್ತಾವ. ಗಟ್ಟಿ ಖುರ್ಚಿ ಗ್ವಾಡಿಗಿ ಹಚ್ಚಿ ಇಡ್ರಿ, ಎತ್ತರ 17 ಇಂಚಿನ ಸುತ್ತಮುತ್ತ ಇರ್ಲಿ, ಎರಡೂ ಕೈ ಎದಿ ಮ್ಯಾಲ ಕಟ್ಕೊಂಡು 30 ಸೆಕೆಂಡಿನಾಗ ಎಷ್ಟು ಸಲ ಪೂರ್ತಿ ಎದ್ದು ನಿಂತು ಕೂಡ್ತಾರ ಎಣಿಸ್ರಿ. ಅಮೆರಿಕಾದ ಸಿಡಿಸಿ, ಅಂದ್ರ ಅಲ್ಲಿ ಸರ್ಕಾರದ ರೋಗ ತಡಿಯೋ ಸಂಸ್ಥೆ, ಕೊಟ್ಟಿರೋ ಲೆಕ್ಕದ ಪ್ರಕಾರ 70ರಿಂದ 74ರ ಹೆಣ್ಣುಮಕ್ಕಳು 10ಕ್ಕಿಂತ ಕಮ್ಮಿ, ಗಂಡಸರು 12ಕ್ಕಿಂತ ಕಮ್ಮಿ ಮಾಡಿದ್ರ ಬೀಳೋ ಅಪಾಯ ಜಾಸ್ತಿ ಅಂತ ಹಿಡೀತಾರ. 80ರಿಂದ 84ರೊಳಗ ಹೆಣ್ಣುಮಕ್ಕಳಿಗೆ 9, ಗಂಡಸರಿಗೆ 10. ಕೈ ಊರದೇ ಏಳ್ಲಾಕೇ ಆಗಲಿಲ್ಲಾಂದ್ರ ಸೊನ್ನಿ ಅಂತ ಬರ್ಕೊಳ್ರಿ, ಅದರಾಗ ನಾಚಿಕಿ ಏನಿಲ್ಲ, ಅಲ್ಲಿಂದನೇ ಶುರು ಮಾಡೋದು. ನಮ್ಮವ್ವಗ 73, ನನ್ನ ಮಗ ಫೋನ್ ಹಿಡ್ಕೊಂಡು ಎಣಿಸಿದ, 6 ಬಂತು. ಏಳನೇದಕ್ಕ ಅರ್ಧ ಎದ್ದು ಮತ್ತ ಕುಂತ್ಲು, ಆಕಿ ಮಾರಿ ಇನ್ನೂ ನನ್ನ ಕಣ್ಣ ಮುಂದ ಅದ.

ಎರಡನೇದು ಬ್ಯಾಲೆನ್ಸಿಂದು. ಅಡಗಿ ಕಟ್ಟಿ ಪಕ್ಕ ನಿಂತು ಮೊದಲು ಎರಡೂ ಪಾದ ಜೋಡಿಸಿ 10 ಸೆಕೆಂಡು, ಆಮ್ಯಾಲ ಒಂದು ಪಾದ ಅರ್ಧ ಮುಂದ ಇಟ್ಟು 10 ಸೆಕೆಂಡು, ಆಮ್ಯಾಲ ಒಂದು ಪಾದದ ಹಿಮ್ಮಡಕ್ಕ ಇನ್ನೊಂದರ ಬೆರಳು ತಾಗೋಹಂಗ ಒಂದೇ ಸಾಲಿನಾಗ ಇಟ್ಟು 10 ಸೆಕೆಂಡು, ಕಡೀಕ ಒಂಟಿಗಾಲು. ಮೂರನೇದು, ಅಂದ್ರ ಹಿಮ್ಮಡಕ್ಕ ಬೆರಳು ಹಚ್ಚಿ ನಿಂದ್ರೋದು, 10 ಸೆಕೆಂಡು ಆಗಲಿಲ್ಲಾಂದ್ರ ಬ್ಯಾಲೆನ್ಸಿನ ಕಸರತ್ತು ಬೇಕೇ ಬೇಕು. ಪಕ್ಕದಾಗ ಒಬ್ಬರು ನಿಂತಿರ್ಬೇಕು, ಹಿಡಿಯೋದು ಬ್ಯಾಡ ಆದ್ರ ಹಿಡಿಯುವಷ್ಟು ಹತ್ರ ಇರ್ಬೇಕು.

ಬರೇ ವಾಕಿಂಗ್

ನಮ್ಮ ಊರಾಗ ಅಪ್ಪನ ಕೆರಿ ದಂಡಿಗಿ, ಪಬ್ಲಿಕ್ ಗಾರ್ಡನ್ನಾಗ ಮುಂಜಾನಿ 6ಕ್ಕ ಹೋದ್ರ ಹಿರೇರು ಗುಂಪು ಗುಂಪಾಗಿ ನಡೀತಿರ್ತಾರ, ನೋಡ್ಲಾಕ ಸಂತೋಷ ಆಗ್ತದ. ಶುಗರ್‌ಗೆ, ಬಿಪಿಗೆ, ಮನಸ್ಸಿಗೆ ವಾಕಿಂಗ್ ಬೇಕೇ ಬೇಕು. ಆದ್ರ ಬೀಳೋದು ತಪ್ಪಸ್ತದೇನು ಅಂತ ಕೇಳಿದ್ರ ಅದಕ್ಕ ಗಟ್ಟಿ ಪುರಾವೆ ಇಲ್ಲ. 2019ರಾಗ ಕಾಕ್ರೇನ್ ಅನ್ನೋ ಸಂಸ್ಥೆ 108 ಪ್ರಯೋಗಗಳನ್ನ ಒಟ್ಟಿಗಿ ಹಾಕಿ ನೋಡ್ತು, 23 ಸಾವಿರಕ್ಕಿಂತ ಹೆಚ್ಚು ಹಿರೇರು ಅದರಾಗ ಇದ್ರು. ಬ್ಯಾಲೆನ್ಸ್ ಮತ್ತ ದಿನನಿತ್ಯದ ಚಲನೆ ಇರೋ ಕಸರತ್ತು ಮಾಡಿದೋರಾಗ ಬೀಳೋದು ಸುಮಾರು 24 ಪರ್ಸೆಂಟ್ ಕಮ್ಮಿ, ಅದರ ಜೋಡಿ ಕಸುವಿನ ಕಸರತ್ತೂ ಸೇರಿಸಿದ್ರ ಸುಮಾರು 34 ಪರ್ಸೆಂಟ್ ಕಮ್ಮಿ ಆಗಿತ್ತು. ಬರೇ ವಾಕಿಂಗಿಂದ ಹಂಗ ಆಗ್ತದ ಅಂತ ಹೇಳ್ಲಾಕ ಆಗಲಿಲ್ಲ. ಕಾರಣ ವಿಚಾರ ಮಾಡಿದ್ರ ಗೊತ್ತಾಗ್ತದ, ಸಪಾಟ ದಾರ್ಯಾಗ ಒಂದೇ ಲಯದಾಗ ನಡೆಯೋದಕ್ಕ ದೇಹಕ್ಕ ಹೊಸಾದೇನೂ ಕಷ್ಟ ಇಲ್ಲ, ಬಗ್ಗೋದಿಲ್ಲ, ಹೊಳ್ಳೋದಿಲ್ಲ, ಎತ್ತೋದಿಲ್ಲ.

ಮತ್ತ ನಮ್ಮ ಕಡೆ ಬಿಸಲು. ಏಪ್ರಿಲ್ ಮೇದಾಗ 42, 43 ಡಿಗ್ರಿ ಇರ್ತದ, ಮುಂಜಾನಿ 8ಕ್ಕೇ ಹೊರಗ ಕಾಲಿಡ್ಲಾಕ ಆಗಲ್ಲ, ಬಿಪಿ ಗುಳಗಿ ತಗೊಳೋರಿಗೆ ನೀರು ಕಮ್ಮಿಯಾಗಿ ತಲಿ ತಿರುಗ್ತದ. ವರ್ಷದಾಗ ಎರಡು ಮೂರು ತಿಂಗಳು ವಾಕಿಂಗ್ ನಿಂತ್ರ ಅಷ್ಟರಾಗ ಬಂದ ಕಸುವು ಇಳಿದೇ ಬಿಡ್ತದ. ಅದಕ್ಕ ನನ್ನ ಮಾತು, ವಾಕಿಂಗ್ ಮಾಡೋರು ಬಿಡಬ್ಯಾಡ್ರಿ, ಆದ್ರ ಅದೊಂದೇ ಸಾಕು ಅಂತ ಕೂಡಬ್ಯಾಡ್ರಿ. ಒಂದು ಸಲ ಬಿದ್ದೋರನ್ನ ಮೊದಲೇ ಜೋರು ವಾಕಿಂಗಿಗೆ ಹಚ್ಚೋದಂತೂ ಬ್ಯಾಡ, ಕಾಲಿಗಿ ಸ್ವಲ್ಪ ಕಸುವು ಬರ್ಲಿ.

ಖುರ್ಚಿ ಮತ್ತ ಅಡಗಿ ಕಟ್ಟಿ

ನನ್ನ ಕೇಳಿದ್ರ ಹೆಚ್ಚಿನ ಮನಿಗಳಿಗಿ ಇದೇ ಮೊದಲು. 1990ರ ದಶಕದಾಗ ನ್ಯೂಜಿಲೆಂಡಿನ ಒಟಾಗೋ ಯೂನಿವರ್ಸಿಟಿಯವರು ಮನ್ಯಾಗೇ ಮಾಡೋ ಒಂದು ಕಸರತ್ತಿನ ಪದ್ಧತಿ ತಯಾರ ಮಾಡಿದ್ರು, ಒಟಾಗೋ ಪ್ರೋಗ್ರಾಂ ಅಂತನೇ ಕರೀತಾರ, ವಾರಕ್ಕ 3 ದಿನ ಅರ್ಧ ತಾಸು ಕಾಲಿನ ಕಸುವು ಮತ್ತ ಬ್ಯಾಲೆನ್ಸ್, ಜೋಡಿ ವಾರಕ್ಕ 2 ದಿನ ನಡೆಯೋದು. ಅವರ ಪ್ರಯೋಗಗಳನ್ನ ಕೂಡಿಸಿ ನೋಡಿದಾಗ ಬೀಳೋದು ಸುಮಾರು 35 ಪರ್ಸೆಂಟ್ ಕಮ್ಮಿ ಆಗಿತ್ತು, ಅದರಾಗ 80 ದಾಟಿದೋರಿಗೇ ಹೆಚ್ಚು ಲಾಭ. ವಿಶ್ವ ಆರೋಗ್ಯ ಸಂಸ್ಥೆ 2020ರಾಗ ಕೊಟ್ಟ ಸಲಹಾನೂ ಹಿಂಗೇ ಅದ, 65 ದಾಟಿದೋರು ವಾರಕ್ಕ 3 ಅಥವಾ ಹೆಚ್ಚು ದಿನ ಬ್ಯಾಲೆನ್ಸ್ ಮತ್ತ ಕಸುವು ಎರಡೂ ಇರೋ ಕಸರತ್ತು ಮಾಡ್ಬೇಕು ಅಂತ.

ಅವ್ವ ಮಾಡೋದು ಹೇಳ್ತೀನಿ. ಸೀರಿ ಜರಾ ಮ್ಯಾಲ ಉಡ್ತಾಳ, ನಿರಿಗಿ ಕಾಲಾಗ ಸಿಕ್ಕಬಾರದು. ಖುರ್ಚಿ ಗ್ವಾಡಿಗಿ ಹಚ್ಚೀವಿ, ಪ್ಲಾಸ್ಟಿಕ್ ಖುರ್ಚಿ ಫರಸಿ ಮ್ಯಾಲ ಹಿಂದಕ್ಕ ಜಾರ್ತದ, ಅದು ಬ್ಯಾಡ, ಕಟ್ಟಿಗಿದು ಇಟ್ಟೀವಿ. ತುದಿಗಿ ಸರದು ಕೂಡ್ಬೇಕು, ಪಾದ ಮೊಣಕಾಲಿಗಿಂತ ಸ್ವಲ್ಪ ಹಿಂದ ಎಳ್ಕೊಬೇಕು, ಮುಂದ ಬಗ್ಗಿ ಮೂಗು ಕಾಲ್ಬೆರಳಿನ ನೇರಕ್ಕ ಬಂದಾಗ ಏಳ್ಬೇಕು. ಎಷ್ಟೋ ಮಂದಿ ಬೆನ್ನು ನೆಟ್ಟಗ ಇಟ್ಕೊಂಡೇ ಏಳ್ಲಾಕ ಹೋಗ್ತಾರ, ಅದಕ್ಕೇ ಹಿಂದಕ ಬೀಳ್ತಾರ. ಕೂಡುವಾಗ ಧಪ್ ಅಂತ ಬೀಳಬಾರದು, ಒಂದು ಎರಡು ಮೂರು ಅಂತ ಎಣಿಸ್ಕೋತ ಇಳೀಬೇಕು, ಈ ಇಳಿಯೋದ್ರಾಗೇ ತೊಡಿಗಿ ಕೆಲಸ ಜಾಸ್ತಿ. ಮೊದಲು ಅವ್ವಗ ಆಗ್ತಿರ್ಲಿಲ್ಲ, ನಾವು ಖುರ್ಚಿ ಮ್ಯಾಲ ಕೌದಿ ನಾಲ್ಕು ಮಡಚಿ ಹಾಕಿದ್ವಿ, ಎತ್ತರ ಆತು, ಏಳೋದು ಸರಳ ಆತು. 3 ವಾರ ಆದಮ್ಯಾಲ ಒಂದು ಮಡಿಕಿ ತೆಗದ್ವಿ, ಆಮ್ಯಾಲ ಇನ್ನೊಂದು. ಈಗ ಕೌದಿ ಇಲ್ಲ.

ಆಮ್ಯಾಲ ಅಡಗಿ ಕಟ್ಟಿ ಹಿಡ್ಕೊಂಡು ತುದಿಗಾಲ ಮ್ಯಾಲ ಏಳೋದು 10 ಸಲ, ಹಿಮ್ಮಡದ ಮ್ಯಾಲ ನಿಂತು ಬೆರಳು ಎತ್ತೋದು 10 ಸಲ, ಒಂದು ಕಾಲು ಬಾಜೂಕ ಎತ್ತಿ ಇಳಸೋದು, ಮೊಣಕಾಲು ಮಡಚಿ ಹಿಮ್ಮಡ ಹಿಂದ ಎತ್ತೋದು. ಕಟ್ಟಿ ಗುಂಟ ಅಡ್ಡ ಅಡ್ಡ ಹೆಜ್ಜಿ, ಹಿಮ್ಮಡಕ್ಕ ಬೆರಳು ಹಚ್ಚಿ ಗೆರಿ ಮ್ಯಾಲ ನಡದಂಗ ನಡೆಯೋದು. ಫರಸಿ ಕಲ್ಲಿನ ನಡುವಿನ ಸಂದಿ ಇರ್ತದಲ್ಲ, ಅದೇ ನಮಗ ಗೆರಿ.

ಒಂದು ಮಾತು ಇಲ್ಲಿ ಒತ್ತಿ ಹೇಳ್ಬೇಕು, ಯಾಕಂದ್ರ ನಾವು ಮೊದಲ ಒಂದೂವರಿ ತಿಂಗಳು ಇದನ್ನೇ ತಪ್ಪು ಮಾಡಿದ್ವಿ. ಒಂದು ಕಡೆ ನಮಗ ಝೆರಾಕ್ಸ್ ಹಾಳಿ ಕೊಟ್ಟು ದಿನಾ ಇದು ಮಾಡ್ರಿ ಅಂದಿದ್ರು, ಮುಂದ ಹ್ಯಾಂಗ ಹೆಚ್ಚಿಸ್ಬೇಕು ಅಂತ ಯಾರೂ ಹೇಳಲಿಲ್ಲ. ಅವ್ವ ಎರಡೂ ಕೈಲಿಂದ ಕಟ್ಟಿ ಗಟ್ಟಿ ಹಿಡ್ಕೊಂಡು ಅಷ್ಟೇ 10 ಸಲ, ದಿನಾ ಅಷ್ಟೇ, ಮಾಡ್ಕೋತ ಹೋದ್ಲು, ಏನೂ ಫರಕ್ ಬೀಳಲಿಲ್ಲ. ಗಟ್ಟಿ ಹಿಡ್ಕೊಂಡ್ರ ಬ್ಯಾಲೆನ್ಸ್ ಕಲಿಯೋದು ಕೈ, ಕಾಲು ಕಲಿಯಲ್ಲ. ಎರಡು ಕೈಯಿಂದ ಒಂದು ಕೈಗಿ, ಒಂದು ಕೈಯಿಂದ ಎರಡು ಬೆರಳಿಗಿ, ಬೆರಳಿಂದ ಕಟ್ಟಿ ಮ್ಯಾಲ ಕೈ ತೇಲಿಸಿ ಇಡೋದಕ್ಕ ಬರ್ಬೇಕು. ಪಾದ ಸ್ವಲ್ಪ ಅಳ್ಳಾಡಬೇಕು, ಪಾದದ ಕೀಲು ಆ ಕಡೆ ಈ ಕಡೆ ತುಯ್ದಾಡೋದು ಕಾಣ್ಬೇಕು, ಬೀಳಬಾರದು ಅಷ್ಟೇ. ಕಸುವಿಗೂ ಅದೇ ನ್ಯಾಯ, 10ರಾಗ ಕಡೀ ಎರಡು ಮೂರು ಕಷ್ಟ ಅನ್ನಿಸ್ಬೇಕು, ಸಲೀಸಾಗಿ 12 ಆಗ್ಲಾಕತ್ತಿದ್ರ ಸುತ್ತು ಎರಡು ಮಾಡ್ರಿ ಇಲ್ಲಾ ತೂಕ ಸೇರಸ್ರಿ. ಉಸಿರು ಹಿಡೀಬಾರದು, ಗಟ್ಟಿಯಾಗಿ ಎಣಿಸ್ಕೋತ ಮಾಡಿದ್ರ ಉಸಿರು ತಾನೇ ಆಡ್ತದ.

ಇದರ ಕೊರತಿ ಅಂದ್ರ ಬೇಜಾರು. ಒಬ್ಬರೇ ಅಡಗಿ ಮನ್ಯಾಗ ನಿಂತು ಕಾಲು ಎತ್ತೋದು ಯಾರಿಗಿ ಮನಸ್ಸು ಬರ್ತದ್ರಿ. ನಮ್ಮನ್ಯಾಗ ನಡದದ್ದು ನನ್ನ ಮಗನಿಂದ, ಆಯಿ ಬಾ ಅಂತ ಸೋಮವಾರ ಬುಧವಾರ ಶುಕ್ರವಾರ ಸಂಜಿ ಕರೀತಾನ, ಆಕಿ ಬರ್ತಾಳ, ಕ್ಯಾಲೆಂಡರಿನ್ಯಾಗ ಅಂವನೇ ಸಂಖ್ಯಾ ಬರೀತಾನ. ಕರಿಯೋರು ಯಾರೂ ಇಲ್ಲಾಂದ್ರ ಅಕ್ಕಪಕ್ಕದ ಇಬ್ಬರು ಮೂರು ಮಂದಿ ಹಿರೇರು ಒಂದೇ ಮನ್ಯಾಗ ಸೇರಿ ಮಾಡೋದು ನಡೀತದ.

ತೂಕ, ರಬ್ಬರ್ ಬ್ಯಾಂಡ್

ವಯಸ್ಸಾದೋರಿಗೆ ಯಾಕ ತೂಕ ಎತ್ತಸ್ತೀರಿ ಅಂತ ನಮ್ಮ ಮಂದಿ ಬೈತಾರ. 1990ರಾಗ ಅಮೆರಿಕಾದ ಬೋಸ್ಟನ್ನಾಗ ವೃದ್ಧರ ಆಶ್ರಯದಾಗಿದ್ದ 86ರಿಂದ 96 ವಯಸ್ಸಿನ 10 ಮಂದಿಗಿ 8 ವಾರ ಕಾಲಿನ ತೂಕದ ಕಸರತ್ತು ಮಾಡಿಸಿದ್ರು, ಪೂರ್ತಿ ಮುಗಿಸಿದ 9 ಮಂದಿದು ತೊಡಿ ಕಸುವು ಸರಾಸರಿ 174 ಪರ್ಸೆಂಟ್ ಹೆಚ್ಚಾತು. 90ರಾಗೂ ಸ್ನಾಯು ಕೇಳ್ತದ ಅಂದ್ರ 70ಕ್ಕ ಯಾಕ ಬ್ಯಾಡ. ನಾನು ಇದನ್ನ ಅವ್ವಗ ಓದಿ ಹೇಳಿದಾಗ, 96 ವರ್ಷದೋರಾ, ಅಂತ ಎರಡು ಸಲ ಕೇಳಿದ್ಲು.

ಕಾಲಿಗಿ ಕಟ್ಟೋ ತೂಕದ ಪಟ್ಟಿ ಕ್ರೀಡಾ ಸಾಮಾನಿನ ಅಂಗಡ್ಯಾಗ ಸಿಗ್ತದ, ಕೆಲವು ನೂರು ರೂಪಾಯಿ. ನಾವು ಮೊದಲು ಅದೂ ತರಲಿಲ್ಲ, ಹಳೀ ಧೋತರದ ಬಟ್ಟೀಲಿ ಉದ್ದ ಚೀಲ ಹೊಲದು ಅರ್ಧ ಅರ್ಧ ಕೆಜಿ ತೊಗರಿ ಬ್ಯಾಳಿ ತುಂಬಿ, ಬಾಯಿ ಹೊಲದು ಪಾದದ ಕೀಲಿನ ಮ್ಯಾಲ ಕಟ್ಟೀವಿ. ಖುರ್ಚಿ ಮ್ಯಾಲ ಕುಂತು ಮೊಣಕಾಲು ನೆಟ್ಟಗ ಚಾಚೋದು, ಮೂರು ಎಣಿಸಿ ಇಳಸೋದು. ಇಂಥಾ ಮನೀ ಚೀಲ ಕುಂತು ಮಾಡ್ಲಾಕ ಅಷ್ಟೇ ಸರಿ, ನಿಂತಾಗ ಗಂಟು ಬಿಚ್ಚಿ ಜಾರಿದ್ರ ಎಡವ್ತಾರ. ಒಂದು ಕೆಜಿ ದಾಟಿದ್ರ ಅಂಗಡಿ ಪಟ್ಟಿನೇ ಛಲೋ.

ರಬ್ಬರ್ ಬ್ಯಾಂಡ್ ಕೈ, ಭುಜ, ಬೆನ್ನಿಗಿ ಛಲೋ, ಊರಿಗಿ ಹೋಗುವಾಗ ಚೀಲದಾಗ ಇಟ್ಕೊಂಡು ಹೋಗ್ಬಹುದು. ಆದ್ರ ಬಿಸಲಾಗ ಇಟ್ರ ರಬ್ಬರ್ ಸಣ್ಣಗ ಬಿರೀತದ, ಎಳೆಯುವಾಗ ಹರಿದು ಮಾರಿಗಿ ಬಡೀತದ, ಪ್ರತಿ ಸಲ ಬೆಳಕಿಗಿ ಹಿಡದು ನೋಡಿ ಎಳೀರಿ. ಕೈಬೆರಳಿನ ಸಂಧಿವಾತ ಇದ್ದೋರಿಗೆ ಹಿಡಿಯೋದೇ ಕಷ್ಟ, ಅವರಿಗೆ ತೂಕದ ಪಟ್ಟಿನೇ ಬೇಕು. ಮತ್ತ ಆ ಕಾಕ್ರೇನ್ ಲೆಕ್ಕದಾಗೇ ಬರೇ ತೂಕದ ಕಸರತ್ತಿಂದ ಬೀಳೋದು ಕಮ್ಮಿ ಆಗ್ತದ ಅಂತನೂ ಗಟ್ಟಿಯಾಗಿ ಸಿಕ್ಕಿಲ್ಲ. ಖುರ್ಚಿ ಕಟ್ಟಿ ಕಸರತ್ತಿಗಿ ಸೇರಸ್ಲಾಕ ತೂಕ ತಗೊಳ್ರಿ, ಅದರ ಬದ್ಲಿ ಅಲ್ಲ.

ಯೋಗಾ

ಬೀದರದ ಕಾಕಾಗ 78. ಟಿವಿ ನೋಡಿ 12 ವರ್ಷದಿಂದ ಮುಂಜಾನಿ ಪ್ರಾಣಾಯಾಮ ಮಾಡ್ತಾರ, ಒಂದು ತಾಸು ಪದ್ಮಾಸನದಾಗ ಕೂಡ್ತಾರ, ನಿದ್ದಿ ಛಲೋ, ಮಲಬದ್ಧತೆ ಇಲ್ಲ, ಮನಸ್ಸು ಶಾಂತ. ಆದ್ರ ದೀಪಾವಳಿಗಿ ಬಂದಾಗ ನೋಡ್ದೆ, ಚಾಪಿ ಮ್ಯಾಲಿಂದ ಏಳ್ಬೇಕಾದ್ರ ಒಂದು ಕೈ ನೆಲಕ್ಕ, ಇನ್ನೊಂದು ಕೈ ಯಾರಾದ್ರೂ ಹಿಡೀಬೇಕು. 30 ಸೆಕೆಂಡಿನ ಪರೀಕ್ಷಾದಾಗ 8 ಬಂತು, ಅವರ ವಯಸ್ಸಿಗೆ 11 ಇರ್ಬೇಕಿತ್ತು. ಕಾಕಾ ಸ್ವಲ್ಪ ನೊಂದ್ಕೊಂಡ್ರು, ಆದ್ರ ಸುಳ್ಳು ಹೇಳಿ ಏನು ಮಾಡೋದು. ಕುಂತು ಮಾಡೋ ಯೋಗದಾಗ ಉಸಿರು, ಬೆನ್ನು, ಮನಸ್ಸು ಬರ್ತಾವ, ಕಾಲಿಗಿ ಕೆಲಸ ಇಲ್ಲ.

ನಿಂತು ಮಾಡೋ ಆಸನ ಸೇರಿಸಿದ್ರ ಯೋಗಾದ ಲೆಕ್ಕ ಬದಲಾಗ್ತದ. ತಾಡಾಸನದಾಗ ತುದಿಗಾಲು, ಗ್ವಾಡಿಗಿ ಒಂದು ಬೆರಳು ತಾಗಿಸಿ ಒಂಟಿಗಾಲಿನ ವೃಕ್ಷಾಸನ, ಖುರ್ಚಿ ಹಿಡ್ಕೊಂಡು ಮುಂದಿನ ಕಾಲು ಮಡಚಿ ನಿಂದ್ರೋ ವೀರಭದ್ರಾಸನ, ಖುರ್ಚಿ ಮುಂದ ನಿಂತು ಕೂಡೋಹಂಗ ಮೊಣಕಾಲು ಮಡಚೋ ಉತ್ಕಟಾಸನ, ಇವೆಲ್ಲ ಬ್ಯಾಲೆನ್ಸ್ ಮತ್ತ ತೊಡಿ ಕೆಲಸನೇ. ವೃಕ್ಷಾಸನದಾಗ ಪಾದ ತೊಡಿ ತನಕ ಏರಸೋದು ಬ್ಯಾಡ, ಪಾದದ ಕೀಲಿಗಿ ತಾಗಿಸಿ ಬೆರಳು ನೆಲಕ್ಕೇ ಇಟ್ರೂ ನಡೀತದ, ಮೊಣಕಾಲಿನ ಬಾಜೂಕ ಒತ್ತಬಾರದು ಅಷ್ಟೇ. ಎಲುಬು ಟೊಳ್ಳಾದೋರು (ಆಸ್ಟಿಯೋಪೊರೋಸಿಸ್ ಇದ್ದೋರು) ಮುಂದ ಪೂರ್ತಿ ಬಗ್ಗಿ ಕಾಲು ಮುಟ್ಟೋ ಪಶ್ಚಿಮೋತ್ತಾನಾಸನದಂಥಾವು ಬಿಡ್ಬೇಕು, ಬೆನ್ನೆಲುಬು ಒತ್ತಿ ಮುರಿಯೋ ಅಪಾಯ ಅದ. ಗ್ಲಾಕೋಮಾ (ಕಣ್ಣಿನ ಒಳಗಿನ ಒತ್ತಡದ ರೋಗ) ಅಥವಾ ಕಂಟ್ರೋಲ್ ಇಲ್ಲದ ಬಿಪಿ ಇದ್ದೋರು ತಲಿ ಕೆಳಗ ಮಾಡೋ ಆಸನ ಮಾಡಬಾರದು. ಮೊದಲಿಂದ ಯೋಗಾ ರೂಢಿ ಇದ್ದೋರಿಗೆ ಅದನ್ನ ಬಿಡಿಸಿ ಖುರ್ಚಿ ಕಸರತ್ತು ಹಚ್ಚೋದಕ್ಕಿಂತ ಅದೇ ಹೊತ್ನ್ಯಾಗ 15 ನಿಮಿಷ ನಿಂತು ಮಾಡೋ ಆಸನ ಸೇರಸೋದು ಬರೋಬರಿ. ಕಾಕಾ ಈಗ ಬರೀದ್ ಶಾಹಿ ಗಾರ್ಡನ್ನಿನ ಬೆಂಚಿನ ಮುಂದ ಉತ್ಕಟಾಸನ ಮಾಡ್ತಾರಂತ, ಫೋನ್ ಮಾಡಿ ಹೇಳಿದ್ರು.

ತಾಯ್ ಚಿ ಅಂತ ಚೀನಾದ ನಿಧಾನ ಚಲನೆಯ ಪದ್ಧತಿ ಅದ, ಬೀಳೋದು ಸುಮಾರು 19 ಪರ್ಸೆಂಟ್ ಕಮ್ಮಿ ಮಾಡ್ತದ ಅಂತ ಅದೇ ಕಾಕ್ರೇನ್ ಲೆಕ್ಕದಾಗ ಬಂದದ, ಆದ್ರ ನಮ್ಮ ಭಾಗದಾಗ ಎದುರಿಗಿ ನಿಂತು ಕಲಿಸೋರನ್ನ ನಾನಂತೂ ನೋಡಿಲ್ಲ. ವಿಡಿಯೋ ನೋಡಿ ಒಬ್ಬರೇ ಹೊಳ್ಳೋ ಹೆಜ್ಜಿ ಕಲಿಯೋದು ಬಿದ್ದೋರಿಗೆ ನಾನು ಹೇಳಲ್ಲ.

ಮನಿ ಕೆಲಸದಾಗೇ ಸೇರಿಸೋದು

ಕಸರತ್ತು ಅಂದ ಕೂಡ್ಲೇ ಮಾರಿ ಸಣ್ಣ ಮಾಡೋರು ಇರ್ತಾರ, ನಮಗ್ಯಾಕ ಬೇಕು ಇದೆಲ್ಲ ಅಂತಾರ. ಅವರಿಗೆ ಇದು. ಆಸ್ಟ್ರೇಲಿಯಾದಾಗ ಲೈಫ್ ಅನ್ನೋ ಹೆಸರಿನ ಪದ್ಧತಿ ಮಾಡಿದ್ರು, ಬ್ಯಾರೆ ಟೈಮ್ ತೆಗೆಯದೇ ದಿನದ ಕೆಲಸದಾಗೇ ಕಸುವು ಬ್ಯಾಲೆನ್ಸ್ ಕೂಡಿಸೋದು, 2012ರಾಗ ಅದರ ಫಲಿತಾಂಶ ಬಂತು, 70 ದಾಟಿ ಈ ಮೊದಲು ಬಿದ್ದಿದ್ದೋರಾಗ ಬೀಳೋದು 31 ಪರ್ಸೆಂಟ್ ಕಮ್ಮಿ ಆಗಿತ್ತು.

ನಮ್ಮ ಮನಿಗಿ ಇದನ್ನ ಹೊಂದಿಸೋದು ಭಾಳ ಸುಲಭ. ವಾಶ್ ಬೇಸಿನ್ ಮುಂದ ಹಲ್ಲು ತಿಕ್ಕುವಾಗ ಒಂದು ಪಾದ ಮುಂದ ಒಂದು ಹಿಂದ. ಮಂಗಳಾರತಿ ಹೊತ್ನ್ಯಾಗ ಎರಡೂ ಪಾದ ಜೋಡಿಸಿ ನಿಂದ್ರೋದು. ಖುರ್ಚಿಯಿಂದ ಯಾವಾಗ ಎದ್ರೂ ಒಂದು ಸಲ ಎದ್ದು, ಮತ್ತ ಕುಂತು, ಮತ್ತ ಏಳೋದು, ಹಿಂಗ ಮಾಡಿದ್ರ ದಿನಕ್ಕ 20, 25 ಸಲ ಲೆಕ್ಕ ಇಲ್ಲದೇ ಆಗ್ತದ. ಸೀರಿಯಲ್ ನಡುವ ಜಾಹೀರಾತು ಬಂದಾಗ ತುದಿಗಾಲು. ಕೆಳಗ ಬಿದ್ದದ್ದು ಎತ್ತುವಾಗ ಟೊಂಕ ಬಗ್ಗಿಸದೇ ಮೊಣಕಾಲು ಬಗ್ಗಿಸೋದು. ಒಲಿ ಮುಂದ ಚಾ ಕುದಿಯುವಾಗ ಮಾತ್ರ ಬ್ಯಾಡ, ಬೆಂಕಿ ಇರೋ ಕಡೆ ಒಂಟಿಗಾಲು ಯಾವ ಕಾರಣಕ್ಕೂ ಬ್ಯಾಡ, ಬಚ್ಚಲದಾಗ ಹಸೀ ನೆಲದ ಮ್ಯಾಲೂ ಬ್ಯಾಡ.

ಇದಕ್ಕ ತೊಂದ್ರಿ ಏನಂದ್ರ ಮರ್ತು ಹೋಗ್ತದ. ಖುರ್ಚಿ ಕಸರತ್ತಿಗಿ ಹೊತ್ತು ಅದ, ಇದಕ್ಕ ಇಲ್ಲ. ಮೊದಲ ವಾರ ಎರಡೇ ಜಾಗ ಆರಿಸ್ರಿ, ಬೇಸಿನ್ನು ಮತ್ತ ಖುರ್ಚಿ, ಅಲ್ಲಿ ಬಣ್ಣದ ಟೇಪಿನ ತುಂಡು ಹಚ್ರಿ, ಕಣ್ಣಿಗಿ ಬಿದ್ದಾಗ ನೆನಪಾಗ್ತದ. ರೂಢಿ ಆದಮ್ಯಾಲ ಮೂರನೇದು. ನನ್ನ ಅನುಭವದಾಗ ವಾರಕ್ಕ 3 ದಿನ ಖುರ್ಚಿ ಕಟ್ಟಿ, ಉಳದ ದಿನ ಇದು, ಈ ಜೋಡಿನೇ ಎಲ್ಲಕ್ಕಿಂತ ಹೆಚ್ಚು ದಿನ ಬಾಳಕಿ ಬಂದದ. ನಾಲ್ಕನೇ ತಿಂಗಳದಾಗೂ ಮಾಡ್ಲಾಕತ್ತಿರೋದೇ ಲಾಭ ಕೊಡ್ತದ, ಅದಕ್ಕ ಆರಿಸುವಾಗ ನಿಮ್ಮವರ ಸ್ವಭಾವ ನೋಡ್ರಿ.

ಫಿಜಿಯೋಥೆರಪಿ ಯಾರಿಗಿ ಬೇಕೇ ಬೇಕು

ಲಕ್ವಾ ಹೊಡದೋರು, ಪಾರ್ಕಿನ್ಸನ್ ಇದ್ದೋರು, ಎಲುಬು ಮುರದು ಆಪರೇಷನ್ ಆದೋರು, ಮೊಣಕಾಲು ಬದಲಿಸ್ಕೊಂಡೋರು, ವರ್ಷದಾಗ ಎರಡು ಸಲ ಬಿದ್ದೋರು, ಇವರು ಮನ್ಯಾಗ ತಾವೇ ಶುರು ಮಾಡಬಾರದು. ನಮ್ಮ ಯಾದಗಿರಿ ದೊಡ್ಡವ್ವಗ ಲಕ್ವಾ ಆಗಿ ಎಡಗಾಲು ಎಳೀತಾಳ, ಆಕಿಗಿ ನಾವು ಹೇಳೋ ಯಾವ್ದೂ ಸರಿಹೋಗಲ್ಲ, ಮೊದಲು ನಡಿಗಿ ತಿದ್ದಬೇಕು. ಮನಿಗಿ ಬರೋ ಫಿಜಿಯೋ ಒಂದು ಸಲಕ್ಕ ನೂರಾರು ರೂಪಾಯಿ ತಗೋತಾರ, ದಿನಾ ಆಗಲ್ಲ ಅನ್ನೋರು 4, 5 ಸಲ ಕರಸಿ ಸರಿಯಾಗಿ ಕಲ್ತು, ಫೋನಿನ್ಯಾಗ ವಿಡಿಯೋ ಮಾಡ್ಕೊಂಡು, ತಿಂಗಳಿಗೊಮ್ಮೆ ತೋರಿಸಿ ಹೆಚ್ಚಿಸ್ಕೋತ ಹೋಗ್ಬಹುದು. ಸರ್ಕಾರಿ ಜಿಲ್ಲಾ ಆಸ್ಪತ್ರ್ಯಾಗೂ ವಿಚಾರಿಸ್ರಿ. ಅವರನ್ನ ಒಂದು ಪ್ರಶ್ನೆ ಕೇಳ್ಲೇಬೇಕು, ಇದು ಸಲೀಸಾದ್ಮ್ಯಾಲ ಮುಂದಿನ ಹಂತ ಏನು ಅಂತ.

ಎದಿ ನೋವು, ದಮ್ಮು, ಎದ್ದು ನಿಂತಾಗ ಕಣ್ಣಿಗಿ ಕತ್ತಲಿ, ಎಚ್ಚರ ತಪ್ಪಿ ಬಿದ್ದದ್ದು, ಇವು ಇದ್ರ ಯಾವ ಕಸರತ್ತೂ ಬ್ಯಾಡ, ಮೊದಲು ಡಾಕ್ಟರ್. ಎಷ್ಟೋ ಸಲ ಬಿಪಿ ಗುಳಗಿ, ನಿದ್ದಿ ಗುಳಗಿ ಬದಲಿಸಿದ್ರೇ ಅರ್ಧ ಜೋಲಿ ಹೋಗೋದು ನಿಲ್ತದ. ಶುಗರಿಂದ ಪಾದ ಜೋಮು ಹಿಡದೋರು ಬರಿಗಾಲಿಂದ ಮಾಡಬಾರದು, ಹಿಂದ ಪಟ್ಟಿ ಇರೋ ಬೂಟು ಹಾಕ್ಕೊಳ್ರಿ, ಹವಾಯಿ ಚಪ್ಪಲಿ ಅಂತೂ ಯಾರಿಗೂ ಬ್ಯಾಡ. ಮರುದಿನ ತೊಡಿ ಸ್ವಲ್ಪ ಹಿಡ್ಕೊಂಡ್ರ ಅಂಜಬ್ಯಾಡ್ರಿ, ಕೀಲು ಚುಚ್ಚಿ ನೋಯ್ದು ಬಾತ್ರ ಎರಡು ದಿನ ಬಿಟ್ಟು ಕಮ್ಮಿ ಮಾಡ್ರಿ. ಊಟದ ಮಾತೂ ಹೇಳ್ಬೇಕು, ಹಲ್ಲಿಲ್ಲ ಅಂತ ಬರೇ ಅನ್ನ ಸಾರು, ಗಂಜಿ ತಿನ್ನೋ ಹಿರೇರಿಗೆ ಕಸರತ್ತು ಎಷ್ಟು ಮಾಡಿಸಿದ್ರೂ ಸ್ನಾಯು ಬೆಳೆಯಲ್ಲ. ಕಿಡ್ನಿ ತೊಂದ್ರಿ ಇಲ್ಲದ ಹಿರೇರಿಗೆ ತೂಕದ ಕೆಜಿಗಿ ದಿನಕ್ಕ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕಂತಾರ. ತೊಗರಿ ನಾಡಿನ್ಯಾಗ ಇದ್ದೀವಿ, ಬ್ಯಾಳಿ ಗಟ್ಟಿಯಾಗಿ ಮಾಡ್ರಿ, ಮೊಸರು, ಹಾಲು, ತಿನ್ನೋರಿಗೆ ತತ್ತಿ.

ಅವ್ವಗ 12 ವಾರಕ್ಕ 30 ಸೆಕೆಂಡಿನಾಗ 9 ಬಂತು, ಈಗ 11. ಒಂಟಿಗಾಲು 3 ಸೆಕೆಂಡಿಂದ 8ಕ್ಕ ಬಂದದ, ಎಡಗಾಲು ಇನ್ನೂ ಹಿಂದ. ಮಧ್ಯ ಜ್ವರ ಬಂದು 3 ವಾರ ಬಿಟ್ಟಿದ್ಲು, ಆಗ 7ಕ್ಕ ಇಳದಿತ್ತು, ಅರ್ಧದಿಂದ ಮತ್ತ ಶುರು ಮಾಡಿ ಒಂದು ತಿಂಗಳಿಗಿ ಸರಿ ಆತು, ಹಂಗಾಗಿ ಬಿಟ್ಟು ಹೋತು ಅಂತ ಕೈ ಚೆಲ್ಲಬ್ಯಾಡ್ರಿ.

ಈ ತಿಂಗಳಿಂದ ನೆಲದಿಂದ ಏಳೋದು ಕಲೀಲಾಕತ್ತಾಳ. ಇದನ್ನ ನಾನು ಯಾಕ ಕಡೀಕ ಇಟ್ಟೀನಂದ್ರ ಆವತ್ತು ಬಚ್ಚಲದಾಗ ಬಿದ್ದಾಗ ಅರ್ಧ ತಾಸು ಆಕಿ ಒಬ್ಬಾಕಿನೇ ಬಿದ್ದಿದ್ಲು, ಏಳೋದು ಹ್ಯಾಂಗ ಅಂತ ಗೊತ್ತಾಗಲಿಲ್ಲ. ಚಾಪಿ ಮ್ಯಾಲ ಮೆತ್ತಗ ಹಾಸಿ, ಬಾಜೂಕ ಖುರ್ಚಿ ಇಟ್ಟು ಮಾಡ್ತೀವಿ. ಮೊದಲು ಒಂದು ಮಗ್ಗಲಿಗಿ ಹೊಳ್ಳೋದು, ಮೊಳಕೈ ಊರಿ ಅಂಬೆಗಾಲಿಗಿ ಬರೋದು, ಹಂಗೇ ಖುರ್ಚಿ ತನಕ ಸರಿಯೋದು, ಎರಡೂ ಕೈ ಖುರ್ಚಿ ಸೀಟಿನ ಮ್ಯಾಲ, ಗಟ್ಟಿ ಇರೋ ಕಾಲಿನ ಪಾದ ಮುಂದ ಊರೋದು, ಒತ್ತಿ ಏಳೋದು, ಹೊಳ್ಳಿ ಖುರ್ಚಿ ಮ್ಯಾಲ ಕೂಡೋದು, ಒಂದು ನಿಮಿಷ ದಮ್ಮು ತಗೊಂಡು ಆಮ್ಯಾಲ ನಿಂದ್ರೋದು. ಮೊನ್ನೆ ಮೊದಲ ಸಲ ನಾನು ಕೈ ಹಚ್ಚದೇ ಎದ್ದು ಕುಂತ್ಲು, ಸೆರಗು ಸರಿ ಮಾಡ್ಕೊಂಡು, ಇನ್ನೊಮ್ಮೆ ನೋಡೋಣು ತಡಿ, ಅಂತ ಮತ್ತ ಚಾಪಿಗಿ ಇಳದ್ಲು.